ಬೇರೆಯವರ ಹೆಸರಿನಡಿ: ರಾನ್ ಕಾರ್ಟರ್ ಬೇಸ್ ಬೆನ್ನು ಹತ್ತಿ ಏಳು ದಿನ

ಅಮೆರಿಕದ ಜಾಝ್ ಬೇಸ್ ವಾದಕ ರಾನ್ ಕಾರ್ಟರ್ ಅವರನ್ನು ಹುಡುಕಿಕೊಂಡು ಹೊರಡುವವರು ಮೊದಲು ಅವರು ಯಾರ ಜೊತೆ ನುಡಿಸಿದರೋ ಆ ಬೇರೆಯವರ ಹೆಸರುಗಳನ್ನು ಪಟ್ಟಿ ಮಾಡಿಕೊಳ್ಳಬೇಕು: ಮೈಲ್ಸ್ ಡೇವಿಸ್, ಹರ್ಬಿ ಹ್ಯಾನ್‌ಕಾಕ್, ಎರಿಕ್ ಡಾಲ್ಫಿ, ಜೋಬಿಮ್, ರಾಬರ್ಟಾ ಫ್ಲ್ಯಾಕ್. 2015ರ ಸೆಪ್ಟೆಂಬರ್ ಹೊತ್ತಿಗೆ ಗಿನ್ನೆಸ್‌ನವರು ಎಣಿಸಿ ಖಚಿತಪಡಿಸಿದ ಅವರ ಧ್ವನಿಮುದ್ರಣಗಳು 2,221. ಜಾಝ್ ಬೇಸ್ ವಾದಕರಲ್ಲಿ ಅಷ್ಟು ಯಾರದ್ದೂ ಇಲ್ಲ. ಅವುಗಳಲ್ಲಿ ಬಹುಪಾಲಿನ ಮುಖಪುಟದ ಮೇಲೆ ಇರುವುದು ಇನ್ನೊಬ್ಬರ ಫೋಟೊ. ನಮ್ಮ ಕಛೇರಿ ಭಾಷೆಯಲ್ಲಿ ಹೇಳುವುದಾದರೆ ಇದು ಪಕ್ಕವಾದ್ಯದವರೊಬ್ಬರ ಊರೂರು ಹುಡುಕಾಟ. ಪಕ್ಕವಾದ್ಯದವರಿಗೆ ಸ್ವಂತ ವಿಳಾಸ ಕಡಿಮೆ.

ಸಾಮಾನಿನಲ್ಲಿ ಮರೆಯಬಾರದ್ದು ಒಂದೇ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಕಾರ್ಟರ್ ನುಡಿಸುವುದು ಡಬಲ್ ಬೇಸ್, ಪಿಟೀಲನ್ನು ಆಳೆತ್ತರಕ್ಕೆ ಬೆಳೆಸಿದಂಥ ವಾದ್ಯ. ಅದರ ನಾಲ್ಕು ತಂತಿಗಳ ಸ್ವರ ಇ, ಎ, ಡಿ, ಜಿ. ಬಿಗಿದಾಗ ಇವುಗಳ ಕಂಪನ ಸುಮಾರು 41, 55, 73, 98 ಹರ್ಟ್ಸ್. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ನುಡಿಸುವ ತಾಕತ್ತಿಲ್ಲ. ಅದು ಮೇಲಿನ ಉಪಸ್ವರಗಳನ್ನಷ್ಟೇ ಕೊಡುತ್ತದೆ, ಮೂಲಸ್ವರವನ್ನು ಮಿದುಳು ಊಹಿಸಿಕೊಳ್ಳುತ್ತದೆ. ಸ್ವರ ಯಾವುದೆಂದು ಆಗಲೂ ಗೊತ್ತಾಗುತ್ತದೆ, ಆದರೆ ಅದರ ತೂಕ ಗೊತ್ತಾಗುವುದಿಲ್ಲ. ಜಾಝಿನಲ್ಲಿ ಬೇಸ್ ಕೇಳಿಸುವುದೇ ಇಲ್ಲ ಎಂದು ದೂರುವವರಲ್ಲಿ ಬಹಳ ಜನ ಮೊಬೈಲಿನಲ್ಲೇ ಕೇಳಿದವರಿರಬೇಕು.

ಮೊದಲ ದಿನ: ಡೆಟ್ರಾಯ್ಟ್

ಕಾರ್ಟರ್ ಹುಟ್ಟಿದ್ದು 1937ರ ಮೇ 4ರಂದು, ಡೆಟ್ರಾಯ್ಟಿಗೆ ಅಂಟಿಕೊಂಡ ಫರ್ನ್‌ಡೇಲ್‌ನಲ್ಲಿ. ಎಯ್ಟ್ ಮೈಲ್ ರಸ್ತೆಯ ದಕ್ಷಿಣಕ್ಕೆ ಡೆಟ್ರಾಯ್ಟ್, ಉತ್ತರಕ್ಕೆ ಫರ್ನ್‌ಡೇಲ್. ಅಲ್ಲಿಂದ ವುಡ್‌ವರ್ಡ್ ಅವೆನ್ಯೂ ಹಿಡಿದು ನೇರ ಕೆಳಗೆ ಸುಮಾರು 15 ಕಿ.ಮೀ. ಬಂದರೆ ಊರಿನ ನಡುಭಾಗ, ಅದರ ಪಕ್ಕದಲ್ಲೇ ಕ್ಯಾಸ್ ಟೆಕ್ನಿಕಲ್ ಹೈಸ್ಕೂಲ್.

ಇಲ್ಲೊಂದು ಎಡವಟ್ಟಿದೆ. ಈಗ ಕಾಣುವ ಗಾಜು-ಇಟ್ಟಿಗೆಯ ಶಾಲೆ 2005ರದ್ದು. ಕಾರ್ಟರ್ ಓದಿದ ಎತ್ತರದ ಹಳೇ ಕಟ್ಟಡ ಪಕ್ಕದಲ್ಲಿತ್ತು, 2011ರಲ್ಲಿ ಕೆಡವಿದರು. ಹೊಸ ಕಟ್ಟಡದ ಫೋಟೊ ತೆಗೆದು ‘ಇಲ್ಲೇ ಕಲಿತದ್ದು’ ಎಂದು ಹಾಕುವವರು ಬಹಳ.

ಶಾಲೆಗೆ ಬಂದಾಗ ಕಾರ್ಟರ್ ಕೈಯಲ್ಲಿದ್ದದ್ದು ಬೇಸಿಗಿಂತ ಚಿಕ್ಕದಾದ ಕಮಾನು ವಾದ್ಯ ಚೆಲ್ಲೊ, ಹತ್ತನೇ ವಯಸ್ಸಿನಿಂದ ಕಲಿತದ್ದು. ಶಾಲೆಯ ಹೊರಗೆ ಸಮಾರಂಭಗಳಿಗೆ ನುಡಿಸಲು ಕರೆ ಬಂದಾಗಲೆಲ್ಲ ಅದು ಬಿಳಿಯ ಹುಡುಗರ ಪಾಲಾಗುತ್ತಿತ್ತು. ಆರ್ಕೆಸ್ಟ್ರಾದ ಬೇಸ್ ವಾದಕ ಶಾಲೆ ಮುಗಿಸಿ ಹೋಗುವ ಹೊತ್ತು ಬಂದಿತು. ಖಾಲಿ ಬೀಳುವ ಜಾಗಕ್ಕೆ ಬೇರೆ ಯಾರೂ ಇಲ್ಲದಿದ್ದರೆ ತನ್ನನ್ನು ಬಿಟ್ಟು ಕರೆಯಲು ಅವರಿಗೆ ದಾರಿಯಿರದು ಎಂದು ಲೆಕ್ಕ ಹಾಕಿ ಹುಡುಗ ವಾದ್ಯ ಬದಲಿಸಿದ. ಪ್ರೀತಿಗಿಂತ ಲೆಕ್ಕಾಚಾರದಿಂದ ಕೈಗೆತ್ತಿಕೊಂಡ ವಾದ್ಯ ಅದು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಇದೇ ಶಾಲೆಯಲ್ಲಿ ಇನ್ನೊಬ್ಬ ಬೇಸ್ ವಾದಕ ಪಾಲ್ ಚೇಂಬರ್ಸ್ ಕೂಡ ಇದ್ದ. ಮುಂದೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಮೇಳದಲ್ಲಿ ಚೇಂಬರ್ಸ್ ಬಿಟ್ಟ ಜಾಗಕ್ಕೆ ಬಂದವನು ಕಾರ್ಟರ್.

ಸಂಜೆಗೆ ಲಿವರ್‌ನಾಯ್ ರಸ್ತೆಯ ಬೇಕರ್ಸ್ ಕೀಬೋರ್ಡ್ ಲೌಂಜ್. ಬಾರ್ ಕಟ್ಟೆಯ ಮೇಲೆ ಪಿಯಾನೊ ಮನೆಗಳ ಚಿತ್ರ ಬರೆದಿದ್ದಾರೆ. ಕೂರಲು ಒಳ್ಳೆಯ ಜಾಗ, ಅಷ್ಟೇ. ಜಗತ್ತಿನ ಅತಿ ಹಳೆಯ ಜಾಝ್ ಕ್ಲಬ್ ಎಂಬ ಅವರ ಬಿರುದಿಗೆ ತಕರಾರು ತೆಗೆಯುವವರು ಇದ್ದಾರೆ. ಸಮಯ ಉಳಿದರೆ ಟೈರ್‌ಮನ್ ಅವೆನ್ಯೂದ ‘ಬ್ಲೂ ಬರ್ಡ್ ಇನ್’ ಎಂಬ ಹಳೇ ಜಾಝ್ ಕ್ಲಬ್ಬಿನ ಕಟ್ಟಡವನ್ನು ಹೊರಗಿನಿಂದ ನೋಡಬಹುದು. 1950ರ ದಶಕದಲ್ಲಿ ಊರಿನ ಹುಡುಗರಿಗೆ ಅದೇ ಪಾಠಶಾಲೆ.

ಎರಡನೇ ದಿನ: ರಸ್ತೆ

ಡೆಟ್ರಾಯ್ಟಿನಿಂದ ರಾಚೆಸ್ಟರ್‌ಗೆ ದಾರಿ ಕೇಳಿದರೆ ಮೊಬೈಲ್ ನಕ್ಷೆ ಕೆನಡಾದ ಒಂಟಾರಿಯೊ ಮೂಲಕ ಹೋಗಿ ಎನ್ನುತ್ತದೆ, ಅದೇ ಹತ್ತಿರ. ಗ್ರೀನ್ ಕಾರ್ಡ್ ಇಲ್ಲದ ಭಾರತೀಯ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕು. ಅಮೆರಿಕದ ವೀಸಾದಲ್ಲಿ ಮತ್ತೆ ಒಳಗೆ ಬರುವ ಅವಕಾಶವೂ ಇರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಟೊಲಿಡೊ, ಕ್ಲೀವ್‌ಲ್ಯಾಂಡ್, ಬಫಲೊ ಸುತ್ತಿಕೊಂಡು ಐ-90 ಹೆದ್ದಾರಿಯೇ ಗತಿ. ಸುಮಾರು 700 ಕಿ.ಮೀ., ನಿಲುಗಡೆ ಸೇರಿ ಎಂಟು ಗಂಟೆ. ನವೆಂಬರಿನಿಂದ ಮಾರ್ಚಿನವರೆಗೆ ಈರಿ ಸರೋವರದ ಮೇಲಿಂದ ಬೀಸುವ ಗಾಳಿ ಬಫಲೊ ಸುತ್ತ ಗಂಟೆಗಳಲ್ಲಿ ಮೊಣಕಾಲುದ್ದ ಹಿಮ ಸುರಿಯಬಲ್ಲದು, ಆಗ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. ಬಾಡಿಗೆ ಕಾರನ್ನು ಬೇರೆ ಊರಲ್ಲಿ ಬಿಟ್ಟರೆ ಪ್ರತ್ಯೇಕ ಶುಲ್ಕವಿದೆ, ಮೊದಲೇ ಕೇಳಿಕೊಳ್ಳಬೇಕು.

ಮೂರನೇ ದಿನ: ರಾಚೆಸ್ಟರ್

ಗಿಬ್ಸ್ ಬೀದಿಯ ಈಸ್ಟ್‌ಮನ್ ಸಂಗೀತ ಶಾಲೆ ಕೊಡಾಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ ದುಡ್ಡಿನಿಂದ 1921ರಲ್ಲಿ ಶುರುವಾದದ್ದು. ಕಾರ್ಟರ್ ಇಲ್ಲಿ ಪದವಿ ಪಡೆದದ್ದು 1959ರಲ್ಲಿ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬೇಸ್ ವಾದಕನಾಗಿ. ಗುರಿ ಸಿಂಫನಿ ಆರ್ಕೆಸ್ಟ್ರಾ. ಆಗ ಹ್ಯೂಸ್ಟನ್ ಸಿಂಫನಿಯ ಹೊಣೆ ಹೊತ್ತಿದ್ದ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ಅತಿಥಿಯಾಗಿ ಬಂದಿದ್ದರು. ಹುಡುಗನ ವಾದನ ಮೆಚ್ಚಿಕೊಂಡರು. ಜೊತೆಗೇ, ಕರಿಯ ವಾದಕನನ್ನು ತೆಗೆದುಕೊಳ್ಳಲು ತಮ್ಮ ಆಡಳಿತ ಮಂಡಳಿ ತಯಾರಿಲ್ಲ ಎಂದೂ ತಿಳಿಸಿದರು. ಇದನ್ನು ಕಾರ್ಟರ್ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಚೆಲ್ಲೊ ಬಿಟ್ಟು ಬೇಸ್ ಹಿಡಿದ ಲೆಕ್ಕಾಚಾರ ಇಲ್ಲಿ ಕೆಲಸಕ್ಕೆ ಬರಲಿಲ್ಲ.

ರಾತ್ರಿಯ ದುಡಿಮೆ ಕ್ಲಾರಿಸ್ಸಾ ಬೀದಿಯ ಪಿಥಾಡ್ ಕ್ಲಬ್ಬಿನಲ್ಲಿ. ಹುಡುಕಿದರೆ ಕ್ಲಬ್ ಸಿಗದು. ನಗರ ನವೀಕರಣದ ಹೆಸರಿನಲ್ಲಿ ಆ ಕಪ್ಪು ಜನರ ಕೇರಿಯ ಬಹುಭಾಗವನ್ನು ನೆಲಸಮ ಮಾಡಿದರು.

ಶಾಲೆಯ ಗುರುತು ಉಳಿದಿರುವುದು ಕೈಯಲ್ಲಿ. ಜಾಝ್ ಬೇಸಿನವರು ಹೆಚ್ಚಾಗಿ ಬೆರಳಿನಿಂದ ಮೀಟುತ್ತಾರೆ, ಕಮಾನು ಹಿಡಿಯುವವರು ಕಡಿಮೆ. ಕಾರ್ಟರ್‌ಗೆ ಕಮಾನು ಮೊದಲು, ಬೆರಳು ಆಮೇಲೆ. ಹಾಗಾಗಿ ಎಡಗೈ ಶಿಸ್ತು ಬೇರೆ. ತಂತಿಯ ಮೇಲೆ ಬೆರಳು ಬಿಡದೆ ಒತ್ತಿಹಿಡಿಯುವುದರಿಂದ ಸ್ವರ ಮುಂದಿನ ಸ್ವರದ ಹೊಸ್ತಿಲವರೆಗೆ ಉಳಿಯುತ್ತದೆ. ಹಳೆಯ ತಲೆಮಾರು ಬಳಸುತ್ತಿದ್ದ ಪ್ರಾಣಿಕರುಳಿನ ತಂತಿ ‘ಡುಂ’ ಎಂದು ಸತ್ತುಹೋಗುತ್ತಿತ್ತು. ಆ ಕಾಲಕ್ಕೆ ಲೋಹದ ತಂತಿ ಬಂದದ್ದೂ ಇಂಥ ಕೈಗೆ ಒದಗಿತು. ಈಚಿನ ವರ್ಷಗಳಲ್ಲಿ ಅವರು ಬಳಸುವುದು ಲಾ ಬೆಲ್ಲಾ ಕಂಪನಿಯ, ಕರೀ ನೈಲಾನ್ ಪಟ್ಟಿ ಸುತ್ತಿದ ತಂತಿ.

ಸಂಜೆ ಬಿಡುವಿದ್ದಾಗ ಕೇಳಬೇಕಾದದ್ದು 1960ರ ಆಗಸ್ಟ್ 15ರ ಎರಿಕ್ ಡಾಲ್ಫಿ ಧ್ವನಿಮುದ್ರಣ ‘ಔಟ್ ದೇರ್’. ಅದರಲ್ಲಿ ಬೇಸ್ ಜಾರ್ಜ್ ಡ್ಯೂವಿವಿಯರ್ ಅವರದ್ದು, ಕಾರ್ಟರ್ ನುಡಿಸಿರುವುದು ತಾವು ಬಿಟ್ಟುಬಂದ ಚೆಲ್ಲೊವನ್ನೇ. ಪಿಯಾನೊ ಇಲ್ಲ. ಚೆಲ್ಲೊ ಅಲ್ಲಲ್ಲಿ ಶ್ರುತಿಯಿಂದ ಜಾರುತ್ತದೆ ಎಂಬ ಟೀಕೆ ಸುಳ್ಳಲ್ಲ. ಆದರೂ ಈಸ್ಟ್‌ಮನ್ ಕಲಿಸಿದ್ದೇನು, ನ್ಯೂಯಾರ್ಕ್ ಕಲಿಸತೊಡಗಿದ್ದೇನು ಎರಡೂ ಒಂದೇ ಕಡೆ ಕೇಳಿಸುವ ದಾಖಲೆ ಅದು.

ನಾಲ್ಕನೇ ದಿನ: ರೈಲು

ರಾಚೆಸ್ಟರ್‌ನಿಂದ ನ್ಯೂಯಾರ್ಕಿಗೆ ಆಮ್‌ಟ್ರ್ಯಾಕ್ ರೈಲು ಏಳು ಗಂಟೆ ಹಿಡಿಯುತ್ತದೆ, ತಡವಾದರೆ ಇನ್ನೂ ಹೆಚ್ಚು. ಹೋಗುವ ದಿಕ್ಕಿಗೆ ಬಲಗಡೆಯ ಕಿಟಕಿ ಹಿಡಿಯಿರಿ. ಆಲ್ಬನಿ ದಾಟಿದ ಮೇಲೆ ಹಳಿ ಹಡ್ಸನ್ ನದಿಯ ಪೂರ್ವ ದಂಡೆಯ ಮೇಲೇ ಓಡುತ್ತದೆ, ಎರಡು ಗಂಟೆ ನೀರು ಜೊತೆಗಿರುತ್ತದೆ.

ಐದನೇ ದಿನ: ಮ್ಯಾನ್‌ಹ್ಯಾಟನ್ ವಿಳಾಸಗಳು

ಇಂದು ಕಾಲಿಗೆ ಕೆಲಸ, ಕಣ್ಣಿಗೆ ನಿರಾಸೆ. ಕಾರ್ಟರ್ 1961ರಲ್ಲಿ ಸ್ನಾತಕೋತ್ತರ ಪದವಿ ಪಡೆದದ್ದು ಮ್ಯಾನ್‌ಹ್ಯಾಟನ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ. ಇಂದಿನ ಕ್ಲೇರ್‌ಮಾಂಟ್ ಅವೆನ್ಯೂ ಕಟ್ಟಡಕ್ಕೆ ಹೋದರೆ ತಪ್ಪು ಮನೆ. ಆಗ ಶಾಲೆ ಇದ್ದದ್ದು ಪೂರ್ವ ಹಾರ್ಲೆಮ್‌ನ 105ನೇ ಬೀದಿಯಲ್ಲಿ, ಈಗಿನ ಜಾಗಕ್ಕೆ ಬಂದದ್ದು 1969ರಲ್ಲಿ.

ಹಡ್ಸನ್ ಬೀದಿಗೆ ಸ್ಪ್ರಿಂಗ್ ಬೀದಿ ಕೂಡುವಲ್ಲಿ ಹಾಫ್ ನೋಟ್ ಎಂಬ ಕ್ಲಬ್ ಇತ್ತು. 1963ರಲ್ಲಿ ಮೇಳದ ನಾಯಕ ಆರ್ಟ್ ಫಾರ್ಮರ್ ಜೊತೆ ಕಾರ್ಟರ್ ಅಲ್ಲಿ ನುಡಿಸುತ್ತಿದ್ದಾಗ ಮೈಲ್ಸ್ ಡೇವಿಸ್ ಬಂದು, ಕ್ಯಾಲಿಫೋರ್ನಿಯಾಗೆ ಹೊರಟಿದ್ದೇವೆ ಬಾ ಎಂದರು. ಒಪ್ಪಿಕೊಂಡ ಕಛೇರಿಗಳು ಇನ್ನೂ ಬಾಕಿ ಇವೆ, ಫಾರ್ಮರ್ ಬಿಟ್ಟುಕೊಟ್ಟರೆ ಮಾತ್ರ ಬರುವೆ ಎಂಬ ಉತ್ತರ ಸಿಕ್ಕಿತು. ಮೈಲ್ಸ್ ಹೋಗಿ ಫಾರ್ಮರ್‌ನನ್ನು ಕೇಳಬೇಕಾಯಿತು. ಪಕ್ಕವಾದ್ಯದವನಿಗೆ ಇದಕ್ಕಿಂತ ಒಳ್ಳೆ ಪ್ರಶಸ್ತಿಪತ್ರ ಬೇಕಿಲ್ಲ.

ಆಮೇಲೆ 65ನೇ ಬೀದಿಯ ಲಿಂಕನ್ ಸೆಂಟರ್. 1964ರ ಫೆಬ್ರವರಿ 12ರಂದು ಇಲ್ಲಿನ ಫಿಲ್‌ಹಾರ್ಮೊನಿಕ್ ಹಾಲ್‌ನಲ್ಲಿ ಮೈಲ್ಸ್ ಮೇಳ ನುಡಿಸಿತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುವ ಚಳವಳಿಗೆ ನಿಧಿ ಕೂಡಿಸುವ ಕಛೇರಿ. ಆ ಒಂದೇ ರಾತ್ರಿಯಿಂದ ಎರಡು ಎಲ್‌ಪಿ ಬಂದವು, ನಿಧಾನಗತಿಯವೆಲ್ಲ ‘ಮೈ ಫನ್ನಿ ವ್ಯಾಲೆಂಟೈನ್’ನಲ್ಲಿ, ವೇಗದವೆಲ್ಲ ‘ಫೋರ್ ಆ್ಯಂಡ್ ಮೋರ್’ನಲ್ಲಿ. ಈಗ ಅದೇ ಜಾಗಕ್ಕೆ ಡೇವಿಡ್ ಗೆಫನ್ ಹಾಲ್ ಎಂದು ಹೆಸರು. ಒಳಾಂಗಣವನ್ನು ಪೂರ್ತಿ ಬದಲಿಸಿ 2022ರಲ್ಲಿ ತೆರೆದರು. ದಾಖಲೆಯಲ್ಲಿ ಕೇಳುವ ಗೋಡೆಗಳ ಮಾರ್ದನಿ ಇಂದಿನ ಹಾಲಿನದ್ದಲ್ಲ.

ಪೂರ್ವದ 30ನೇ ಬೀದಿಯಲ್ಲಿ, ಹಳೇ ಚರ್ಚನ್ನು ಸ್ಟುಡಿಯೊ ಮಾಡಿಕೊಂಡಿದ್ದ ಕೊಲಂಬಿಯಾ ಕಂಪನಿಯ ಕಟ್ಟಡವೂ ಹೋಗಿ ಅಪಾರ್ಟ್‌ಮೆಂಟ್ ಎದ್ದಿದೆ. ‘ಮೈಲ್ಸ್ ಸ್ಮೈಲ್ಸ್’ (1966), ‘ನೆಫರ್ಟಿಟಿ’ (1967) ಆದದ್ದು ಆ ಚರ್ಚಿನಲ್ಲಿ. ಎದುರಿನ ಫುಟ್‌ಪಾತಿನಲ್ಲಿ ನಿಂತು ಹೆಡ್‌ಫೋನ್ ಹಾಕಿಕೊಂಡು ‘ಮೈಲ್ಸ್ ಸ್ಮೈಲ್ಸ್’ನ ‘ಫುಟ್‌ಪ್ರಿಂಟ್ಸ್’ ಹಚ್ಚಿ. ಎಣಿಕೆಗಳ ಒಂದು ಗುಂಪಿಗೆ ‘ಬಾರ್’ ಎನ್ನುತ್ತಾರೆ. ಇಲ್ಲಿ ಒಂದು ಬಾರಿಗೆ ಆರು ಎಣಿಕೆ, ಹನ್ನೆರಡು ಬಾರಿಗೆ ಒಂದು ಸುತ್ತು. ರೂಪಕ ತಾಳದ ಆರು ಅಕ್ಷರ ಎಣಿಸಿದಂತೆ ತೊಡೆಯ ಮೇಲೆ ಆರು ಹಾಕುತ್ತ ಹೋಗಿ. ಕೆಳಗಿಂದ ಹತ್ತುವ ಬೇಸಿನ ಪುಟ್ಟ ನುಡಿಯೇ ಕೈಹಿಡಿದು ನಡೆಸುತ್ತದೆ. ಸ್ವಲ್ಪ ಹೊತ್ತಿಗೆ ಕೈ ತಪ್ಪುತ್ತದೆ. ಡ್ರಮ್ಸಿನ ಟೋನಿ ವಿಲಿಯಮ್ಸ್ ಮತ್ತು ಕಾರ್ಟರ್ ಅದೇ ಕಾಲಾವಧಿಯನ್ನು ಆರರ ಬದಲು ನಾಲ್ಕಾಗಿ ಕತ್ತರಿಸಿರುತ್ತಾರೆ. ಆವರ್ತದ ಉದ್ದ ಬದಲಾಗಿಲ್ಲ, ಗತಿ ಬದಲಾಗಿದೆ. ನಮ್ಮಲ್ಲಿ ತನಿ ಆವರ್ತನದಲ್ಲಿ ಮೃದಂಗದವರು ಮಾಡುವ ಗತಿಭೇದವೇ, ಆದರೆ ಇಲ್ಲಿ ತಾಳ ಹಾಕುವವರು ಯಾರೂ ಇಲ್ಲ. ಹಾಗಾಗಿ ಕೇಳುಗ ಕಳೆದುಹೋಗುತ್ತಾನೆ. ಕಳೆದುಹೋದಾಗ ಡ್ರಮ್ಸ್ ಬಿಟ್ಟು ಬೇಸ್ ಹಿಡಿಯಿರಿ. ಅದು ನುಡಿ ಬದಲಿಸಿದರೂ ಸುತ್ತಿನ ತಲೆಯನ್ನು ಬಿಟ್ಟುಕೊಡುವುದಿಲ್ಲ.

‘ನೆಫರ್ಟಿಟಿ’ ಇನ್ನೊಂದು ಬಗೆಯ ಚೇಷ್ಟೆ. ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್ ಎಂಟು ನಿಮಿಷದ ಹತ್ತಿರ ಒಂದೇ ಪಲ್ಲವಿಯನ್ನು ಮತ್ತೆ ಮತ್ತೆ ನುಡಿಸುತ್ತವೆ, ಮನೋಧರ್ಮವೆಲ್ಲ ಕೆಳಗಿನವರದ್ದು. ಮುಖ್ಯ ಗಾಯಕರು ಪಲ್ಲವಿ ಹಿಡಿದು ಕೂತು ಪಕ್ಕವಾದ್ಯದವರಿಗೆ ಕಛೇರಿ ಒಪ್ಪಿಸಿದ ಹಾಗೆ.

ಆರನೇ ದಿನ: ಇಂಗಲ್‌ವುಡ್ ಕ್ಲಿಫ್ಸ್

ಈ ಪ್ರವಾಸದ ಧ್ವನಿಮುದ್ರಣದ ಜಾಗಗಳಲ್ಲಿ ಹಾಗೆಯೇ ಉಳಿದುಕೊಂಡಿರುವ ದೊಡ್ಡ ಕಟ್ಟಡ ಇಲ್ಲಿದೆ. ಎ ರೈಲು ಹತ್ತಿ 175ನೇ ಬೀದಿಯಲ್ಲಿಳಿದರೆ ಜಾರ್ಜ್ ವಾಷಿಂಗ್ಟನ್ ಸೇತುವೆಯ ಬಸ್ ನಿಲ್ದಾಣ. ಅಲ್ಲಿಂದ ನ್ಯೂಜೆರ್ಸಿ ಬದಿಗೆ ಬಸ್ಸು ಅಥವಾ ಟ್ಯಾಕ್ಸಿ. 9ಡಬ್ಲ್ಯು ಹೆದ್ದಾರಿಗೇ ಈ ಊರಲ್ಲಿ ಸಿಲ್ವನ್ ಅವೆನ್ಯೂ ಎಂದು ಹೆಸರು, ಅದರ 445ನೇ ನಂಬರ್ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೊ. ಮರಗಳ ಮರೆಯಲ್ಲಿದ್ದು ಸುಲಭಕ್ಕೆ ಕಣ್ಣಿಗೆ ಬೀಳದು. ಇದು ಖಾಸಗಿ ಜಾಗ, ಮುಂಚೆ ಒಪ್ಪಿಗೆ ಪಡೆಯದೆ ಗೇಟು ದಾಟಬಾರದು. ರಸ್ತೆಯಿಂದ ನೋಡಿ ಬಂದರೂ ನಷ್ಟವಿಲ್ಲ, ಏಕೆಂದರೆ ಈ ಕಟ್ಟಡವನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು.

ವ್ಯಾನ್ ಗೆಲ್ಡರ್ ಮೊದಲು ಕನ್ನಡಕದ ವೈದ್ಯರು. ಹ್ಯಾಕನ್‌ಸ್ಯಾಕ್‌ನಲ್ಲಿ ಅಪ್ಪ-ಅಮ್ಮನ ಮನೆಯ ಹಾಲ್‌ನಲ್ಲೇ ಧ್ವನಿಮುದ್ರಣ ಮಾಡುತ್ತಿದ್ದವರು 1959ರಲ್ಲಿ ಇಲ್ಲಿ ಸ್ಟುಡಿಯೊ ಕಟ್ಟಿಸಿದರು. ಮರದ ಕಮಾನುಗಳ ಚಾವಣಿ ಚರ್ಚಿನ ಹಾಗೆ ಮೇಲೇರಿ 39 ಅಡಿ ಮುಟ್ಟುತ್ತದೆ. ಬೇಸಿಗೆ ಇದರಿಂದ ಏನು ಲಾಭ ಎಂದರೆ, ತಗ್ಗು ಚಾವಣಿಯ ಚೌಕ ಕೋಣೆಯಲ್ಲಿ ಕೆಳಸ್ವರಗಳು ಗೋಡೆಗೋಡೆಗೆ ಬಡಿದು ಕೆಲವು ಉಬ್ಬುತ್ತವೆ, ಕೆಲವು ಮಾಯವಾಗುತ್ತವೆ. 55 ಹರ್ಟ್ಸಿನ ಎ ಸ್ವರದ ಅಲೆ ಆರು ಮೀಟರಿಗೂ ಉದ್ದ. ಅದಕ್ಕೆ ಕೈಕಾಲು ಚಾಚಲು ಜಾಗ ಬೇಕು.

ಇಲ್ಲಿ ಕಾರ್ಟರ್ ನುಡಿಸಿದ್ದರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ 1965ರ ಮಾರ್ಚ್ 17ರ ‘ಮೇಡನ್ ವಾಯೇಜ್’, ಹರ್ಬಿ ಹ್ಯಾನ್‌ಕಾಕ್ ಅವರದ್ದು. ಹಾಡಿಗೆ 32 ಬಾರ್, ಇರುವುದು ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು), ಒಂದೊಂದೂ ನಾಲ್ಕು ಬಾರ್ ನಿಲ್ಲುತ್ತದೆ. ಮೊದಲ ನಾಲ್ಕು ಬಾರಿನಲ್ಲಿ ಪಿಯಾನೊ ನುಡಿಸುವುದು ಹೆಚ್ಚುಕಡಿಮೆ ಎ ಮೈನರ್, ಅಂದರೆ ಎ ಸ್ವರವನ್ನು ಬುಡ ಮಾಡಿಕೊಂಡ ಕಾರ್ಡ್. ಪಿಯಾನೊ ಒಂದನ್ನೇ ಕೇಳಿದರೆ ಸ್ವಲ್ಪ ಖಿನ್ನವಾದ ಸಾಮಾನ್ಯ ಕಾರ್ಡ್. ಅದರ ಕೆಳಗೆ ಕಾರ್ಟರ್ ಎ ಇಡುವುದಿಲ್ಲ, ಡಿ ಇಡುತ್ತಾರೆ. ಮೇಲಿನವರ ಬೆರಳು ಒಂದೂ ಅಲುಗದೆ ಖಿನ್ನತೆ ಹೋಗಿ, ಎಲ್ಲೂ ತಂಗದ, ತೆರೆದ ಸಮುದ್ರದಂಥ ನಾದ ಬರುತ್ತದೆ. ಗ್ರಹಭೇದ ಗೊತ್ತಿದ್ದವರಿಗೆ ಇದು ಹೊಸದಲ್ಲ. ಮೋಹನದ ರಿಷಭವನ್ನೇ ಷಡ್ಜ ಎಂದುಕೊಂಡರೆ ಅವೇ ಸ್ವರಗಳು ಮಧ್ಯಮಾವತಿಯಾಗುತ್ತವೆ. ಜಾಝಿನಲ್ಲಿ ಷಡ್ಜ ಯಾವುದೆಂದು ಗಳಿಗೆ ಗಳಿಗೆಗೂ ತೀರ್ಮಾನಿಸುವವನು ಬೇಸಿನವನು, ಮೇಲಿನವರು ಏನು ನುಡಿಸಿದರು ಎಂಬುದಕ್ಕೆ ಹೆಸರಿಡುವವನು ಅವನೇ. ಕಾರ್ಟರ್ ಎಲ್ಲ ಬಗೆಯ ಸಂಗೀತಕ್ಕೂ ಒಗ್ಗುತ್ತಾರೆ ಎಂದು ಹೊಗಳುವುದು ರೂಢಿ. ಸರಿಯಾಗಿ ಕೇಳಿದರೆ ಒಗ್ಗಿಕೊಂಡವರು ಬಹುಪಾಲು ಮೇಲಿನವರು.

ಅದೇ ಕೋಣೆ, ಅದೇ ಬೇಸ್, ಬೇರೆ ಡ್ರಮ್ಸ್: 1967ರ ಏಪ್ರಿಲ್ 21ರ, ಪಿಯಾನೊ ವಾದಕ ಮಕಾಯ್ ಟೈನರ್ ಅವರ ‘ದ ರಿಯಲ್ ಮಕಾಯ್’. ಟೋನಿ ವಿಲಿಯಮ್ಸ್ ಬೀಟನ್ನು ಮುಂದಕ್ಕೆ ತಳ್ಳುವವನು, ಎಲ್ವಿನ್ ಜೋನ್ಸ್ ತಿಸ್ರದಲ್ಲಿ ಅಗಲಕ್ಕೆ ಹರಡುವವನು. ಎಲ್ವಿನ್ ಜೊತೆ ಕಾರ್ಟರ್ ಸ್ವರಗಳನ್ನು ಕಡಿಮೆ ಮಾಡಿ ಎಫ್ ಸ್ವರದ ಮೇಲೆ ಕಾಲೂರಿ ನಿಲ್ಲುವುದು ‘ಪ್ಯಾಶನ್ ಡ್ಯಾನ್ಸ್’ನಲ್ಲಿ ಚೆನ್ನಾಗಿ ಕೇಳುತ್ತದೆ. ಅದೇ ವರ್ಷ ಇದೇ ಕಟ್ಟಡದಲ್ಲಿ ಬ್ರೆಜಿಲ್‌ನ ಜೋಬಿಮ್ ಅವರ ‘ವೇವ್’. ಅಲ್ಲಿ ಬೇಸಿನ ಮಾತು ಇನ್ನೂ ಕಮ್ಮಿ.

ಸ್ವಂತ ಹೆಸರಿನ ಮೊದಲ ದಾಖಲೆ ‘ವೇರ್?’ ಆದದ್ದೂ ಇಲ್ಲೇ, 1961ರ ಜೂನ್ 20ರಂದು. 1970ರ ದಶಕದಲ್ಲಿ ಸಿಟಿಐ ಕಂಪನಿಗೆ ‘ಬ್ಲೂಸ್ ಫಾರ್ಮ್’, ‘ಆಲ್ ಬ್ಲೂಸ್’. ಆ ಹೊತ್ತಿಗೆ ಬೇಸಿನ ಕುದುರೆಗೆ, ಅಂದರೆ ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡಿಗೆ, ಅದುರನ್ನು ವಿದ್ಯುತ್ತಾಗಿಸುವ ಪಿಕಪ್ ಸಿಕ್ಕಿಸಿ ನೇರ ತಂತಿಯಿಂದ ನಾದ ಎಳೆಯುವ ರೂಢಿ ಬಂದಿತ್ತು. ಪಿಕಪ್ ಹಿಡಿಯುವುದು ಕುದುರೆಯ ಅದುರನ್ನು. ಮರದ ಹೊಟ್ಟೆಯೊಳಗಿನ ಗಾಳಿ ಅದಕ್ಕೆ ಸಿಗದು. ನಾದ ಉದ್ದವಾಯಿತು, ಸ್ಪಷ್ಟವಾಯಿತು, ರಬ್ಬರಿನಂತೆಯೂ ಆಯಿತು. ಆ ದಶಕದ ಬೇಸ್ ನಾದವನ್ನು ಸಮರ್ಥಿಸಲು ಮನಸ್ಸು ಬರುವುದಿಲ್ಲ. 1977ರ ‘ಪಿಕೊಲೊ’ದಲ್ಲಿ ಅವರು ಬೇಸಿಗಿಂತ ಚಿಕ್ಕ ವಾದ್ಯವನ್ನು ಎ-ಡಿ-ಜಿ-ಸಿ, ಅಂದರೆ ಒಂದು ಮಧ್ಯಮದಷ್ಟು ಮೇಲಕ್ಕೆ, ಶ್ರುತಿ ಮಾಡಿ ಮುಂದೆ ಕೂತರು, ಕೆಳಗೆ ಬೇಸ್ ನುಡಿಸಿದ್ದು ಬಸ್ಟರ್ ವಿಲಿಯಮ್ಸ್. ಪಕ್ಕವಾದ್ಯದವರು ನಡುವೇದಿಕೆಗೆ ಬಂದಾಗಿನ ತೊಡಕು ಅದರಲ್ಲಿ ಕೇಳಿಸುತ್ತದೆ. ತಂತಿ ಗಿಡ್ಡವಾದಷ್ಟೂ ಸ್ವರಸ್ಥಾನಗಳ ನಡುವಿನ ಅಂತರ ಕಿರಿದು, ಬೆರಳು ಕೂದಲೆಳೆ ಜರುಗಿದರೂ ಶ್ರುತಿ ಚುರುಕಾಗಿ ಕಿವಿಗೆ ಚುಚ್ಚುತ್ತದೆ.

ಏಳನೇ ದಿನ: ಹಾರ್ಲೆಮ್, ಆಮೇಲೆ ನೆಲಮಾಳಿಗೆ

1ನೇ ನಂಬರಿನ ರೈಲು, 137ನೇ ಬೀದಿ. ಸಿಟಿ ಕಾಲೇಜಿನ ಕಪ್ಪು ಕಲ್ಲಿನ ಕಟ್ಟಡಗಳಿಗೆ ಕಲ್ಲು ಬಂದದ್ದು ಊರಿನ ಸಬ್‌ವೇ ಅಗೆದಾಗ. ಕಾರ್ಟರ್ ಇಲ್ಲಿ ಹತ್ತಿರಹತ್ತಿರ ಎರಡು ದಶಕ ಪಾಠ ಹೇಳಿದರು. ರೈಲಿನಲ್ಲಿ ಕೇಳಲು ಮೂರು ಹಾಡು: ರಾಬರ್ಟಾ ಫ್ಲ್ಯಾಕ್ ಅವರ ‘ಕಂಪೇರ್ಡ್ ಟು ವಾಟ್’ (1969), ಮೊದಲು ಕೇಳುವುದೇ ಕಾರ್ಟರ್; ಗಿಲ್ ಸ್ಕಾಟ್-ಹೆರಾನ್ ಅವರ ‘ಲೇಡಿ ಡೇ ಆ್ಯಂಡ್ ಜಾನ್ ಕೋಲ್ಟ್ರೇನ್’ (1971); ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ ‘ವರ್ಸಸ್ ಫ್ರಮ್ ದ ಆ್ಯಬ್‌ಸ್ಟ್ರ್ಯಾಕ್ಟ್’ (1991). ಹಿಪ್‌ಹಾಪ್ ಹುಡುಗರು ಹಳೇ ದಾಖಲೆಗಳಿಂದ ಬೇಸ್ ತುಣುಕು ಕತ್ತರಿಸಿ ಅಂಟಿಸುತ್ತಿದ್ದ ಕಾಲ. ಇವರು ಮನುಷ್ಯನನ್ನೇ ಕರೆಸಿದರು. ಮೂರರಲ್ಲೂ ಸ್ವರವನ್ನು ಕೊನೆವರೆಗೆ ಹಿಡಿದಿಡುವ ಎಡಗೈ ಅದೇ.

ರಾತ್ರಿ ಕ್ಲಬ್. ಟಿಕೆಟ್ ಮುಂಚಿತವಾಗಿ ತೆಗೆಯಿರಿ. ಪ್ರವೇಶ ದರದ ಮೇಲೆ ತಲಾ ಇಷ್ಟು ಕುಡಿಯಲೇಬೇಕೆಂಬ ಕನಿಷ್ಠ ಖರ್ಚು, ಅದರ ಮೇಲೆ ತೆರಿಗೆ, ಟಿಪ್ಸ್ ಇರುತ್ತವೆ. ಸೋಡಾ ಕುಡಿದರೂ ನಡೆಯುತ್ತದೆ. ಕಾರ್ಟರ್ ಅವರದೇ ಕಾರ್ಯಕ್ರಮವಿದ್ದರೆ ಪುಣ್ಯ, ಬ್ಲೂ ನೋಟ್ ಅಥವಾ ಬರ್ಡ್‌ಲ್ಯಾಂಡ್ ನೋಡಿ. ವಯಸ್ಸಾಗಿದೆ, ದಿನಾಂಕ ಬದಲಾಗುವುದುಂಟು. ಹಿಂತಿರುಗಿಸಬಹುದಾದ ಟಿಕೆಟ್ಟೇ ಒಳ್ಳೆಯದು. ಇಲ್ಲದಿದ್ದರೆ ಸೆವೆಂತ್ ಅವೆನ್ಯೂದ ವಿಲೇಜ್ ವ್ಯಾನ್‌ಗಾರ್ಡ್, 1935ರಿಂದ ಇರುವ ನೆಲಮಾಳಿಗೆ. ಕಛೇರಿ ನಡೆಯುವಾಗ ಅಲ್ಲಿ ಫೋಟೊ, ರೆಕಾರ್ಡಿಂಗ್ ಇಲ್ಲ.

ಎಲ್ಲಿ ಕೂರುವುದು ಮುಖ್ಯ. ಮೂಲೆಯಲ್ಲಿ ಕೂತರೆ ಬೇಸ್ ಗುಡುಗುತ್ತದೆ, ಸ್ವರ ತಿಳಿಯುವುದಿಲ್ಲ, ಏಕೆಂದರೆ ಕೆಳಸ್ವರಗಳು ಮೂಲೆಗೆ ಬಂದು ರಾಶಿ ಬೀಳುತ್ತವೆ. ಡ್ರಮ್ಸಿನ ತಾಳಫಲಕದ ಎದುರು ಕೂತರೆ ಬೇಸ್ ಮುಳುಗುತ್ತದೆ. ಪಿಯಾನೊ ವಾದಕರ ಎಡಗೈ ಮತ್ತು ಬೇಸಿನವರ ಎಡಗೈ ಎರಡೂ ಕಾಣುವ, ಗೋಡೆಯಿಂದ ಎರಡು ಮಾರು ಈಚಿನ ಮೇಜು ಹುಡುಕಿ.

ಕಾರ್ಟರ್ ಮೇಳದವರು ಸೂಟು ಹಾಕಿ ಬರುತ್ತಾರೆ. ಒಂದು ಹಾಡು ಮುಗಿಸಿ ಚಪ್ಪಾಳೆಗೆ ನಿಲ್ಲದೆ ಇನ್ನೊಂದಕ್ಕೆ ದಾಟುವುದು ಅವರ ಪದ್ಧತಿ. ಮುಂದಿನ ಹಾಡು ಯಾವುದೆಂದು ಬೇಸಿನ ಎರಡು ಮೂರು ಸ್ವರಗಳಿಂದಲೇ ಉಳಿದವರಿಗೆ ಗೊತ್ತಾಗಬೇಕು. ನಡುವೆ ಎಲ್ಲೋ ಉಳಿದವರು ಕೈಕಟ್ಟಿ ನಿಲ್ಲುತ್ತಾರೆ. ಕಾರ್ಟರ್ ಒಬ್ಬರೇ ‘ಯೂ ಆರ್ ಮೈ ಸನ್‌ಶೈನ್’ ಎತ್ತಿಕೊಳ್ಳುತ್ತಾರೆ, ಅಲ್ಲಿನ ಮಕ್ಕಳಿಗೂ ಬರುವ ಹಾಡು. ಅದರ ನಡುವೆ ಬಾಖ್ ಬರೆದ ಮೊದಲ ಚೆಲ್ಲೊ ಸೂಟಿನ ಒಂದು ಸಾಲು ನುಸುಳಿ ಹೋಗುತ್ತದೆ. ಚೆಲ್ಲೊ ಕಲಿತ ಹುಡುಗರೆಲ್ಲ ತಿದ್ದಿ ತಿದ್ದಿ ನುಡಿಸುವ ಸಾಲು ಅದು, ಇಲ್ಲಿ ಬೇಸಿನ ದಪ್ಪ ತಂತಿಗಳ ಮೇಲೆ. ಅದು ಬಂತೆಂದು ಗೊತ್ತಾಗುವ ಹೊತ್ತಿಗೆ ಡ್ರಮ್ಸಿನವರು ಬ್ರಷ್ ಎತ್ತಿಕೊಂಡಿರುತ್ತಾರೆ, ಮುಂದಿನ ಹಾಡು ಶುರುವಾಗಿರುತ್ತದೆ.